ಒಂದು ಗುಂಟೆಗೆ ಒಂದು ಕೊಳಗ

ಸಾಗರ
22ನೇ ಮೇ 1967

ಪ್ರೀತಿಯ ಅಪ್ಪಯ್ಯಾ,

ನಿನ್ನ ಹೆಬ್ಬೆರಳು ಹೇಗಿದೆ? ತಗಡು ಕೊಯ್ದ ಗಾಯಕ್ಕೆ ಸುಣ್ಣ ಮೆತ್ತಿಕೊಂಡು ಮತ್ತೆ ಕತ್ತರಿ ಹಿಡಿಯುವವನು ನೀನು. ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಂಡೆಯೋ ಇಲ್ಲವೋ ಎಂಬುದನ್ನು ಮೊದಲು ಬರೆ, ಅವ್ವನ ಮೇಲೆ ಆಣೆಯಿಟ್ಟು ಬರೆ. ಅವ್ವನ ಸೊಂಟನೋವು ಇಳಿಯಿತೇ? ಶ್ಯಾಮ ಪಾಸಾದನೇ, ಅಥವಾ ಗಣಿತದ ಮೇಷ್ಟ್ರ ಮೇಲೆ ತಪ್ಪು ಹೊರಿಸಿ ಓಡಾಡುತ್ತಿದ್ದಾನೆಯೇ? ನಾನು ಆರೋಗ್ಯವಾಗಿದ್ದೇನೆ. ನಿನ್ನಕ್ಕ ಜಲಜಮ್ಮತ್ತೆ ಹೊತ್ತುಹೊತ್ತಿಗೆ ಬಡಿಸುತ್ತಾಳೆ, ಹೊತ್ತುಹೊತ್ತಿಗೆ ಬೈಯುತ್ತಾಳೆ. ಎರಡೂ ಒಗ್ಗಿದೆ. ಪತ್ರದಲ್ಲಿ ಹಿರಿಯರನ್ನು ‘ನೀವು’ ಎನ್ನಬೇಕೆಂದು ಹೈಸ್ಕೂಲಿನಲ್ಲಿ ಕಲಿಸಿದ್ದರು. ಆದರೆ ಈ ಪತ್ರದಲ್ಲಿ ನಿನ್ನ ಹತ್ತಿರ ಜಗಳವಿದೆ. ಜಗಳ ಮನೆಯ ಮಾತಿನಲ್ಲೇ ಆಗಲಿ.

ನೀನು ಬರೆದ ಕಾರ್ಡು ಮೊನ್ನೆ ಬಂತು. ‘ದೊಡ್ಡವರ ಎದುರು ನಿಲ್ಲಬೇಡ. ಸೀತಾರಾಮಪ್ಪನವರು ಕೇಳಿದ ಕಾಗದಕ್ಕೆ ರುಜು ಹಾಕಿ, ತಪ್ಪಾಯಿತು ಅನ್ನು, ಸರ್ಟಿಫಿಕೇಟು ಇಸಕೊಂಡು ಬಾ’ ಎಂದು ಬರೆದಿದ್ದೀಯ. ಅಂದರೆ ಅವರು ನನಗಿಂತ ಮೊದಲು ನಿನಗೆ ಪತ್ರ ಹಾಕಿದ್ದಾರೆ. ಸರಿ, ಅವರ ಮಾತು ಕೇಳಿದ್ದೀಯ, ಈಗ ನನ್ನದನ್ನೂ ಕೇಳು. ರುಜು ನಾನು ಹಾಕುವುದಿಲ್ಲ. ಯಾಕೆಂದು ಕೊನೆಯವರೆಗೆ ಓದಿದ ಮೇಲೆ ಬೇಕಾದರೆ ಬೈ.

ಕೆಲಸ ಕೊಡಿಸಿದವನು ನೀನೇ, ಅದನ್ನು ಮರೆತಿಲ್ಲ. ಗೊಬ್ಬರ ಕಂಪನಿಯ ಪ್ರಚಾರದ ವ್ಯಾನಿಗೆ ತಗಡಿನ ಬೋರ್ಡು ಮಾಡಿಸಲು ಸೀತಾರಾಮಪ್ಪನವರು ಭದ್ರಾವತಿಯ ನಿನ್ನ ಅಂಗಡಿಗೆ ಬಂದಾಗ, ‘ನನ್ನ ಮಗಳು ಬಿ.ಎಸ್ಸಿ. ಓದ್ತಾಳೆ ಸ್ವಾಮಿ, ಬೇಸಿಗೆ ರಜದಲ್ಲಿ ಏನಾದ್ರೂ ಕಲಿಯಂಗೆ ಮಾಡಿ’ ಎಂದೆಯಂತೆ. ಅವರೂ ಎರಡು ತಿಂಗಳ ಮಟ್ಟಿಗೆ ಸೇರಿಸಿಕೊಂಡರು. ನನ್ನ ಕೆಲಸವೆಂದರೆ ಕಂಪನಿ ಕಳಿಸಿದ ಇಂಗ್ಲಿಷಿನ ಹಾಳೆಗಳನ್ನು ನಮ್ಮ ಜನಕ್ಕೆ ತಿಳಿಯುವ ಕನ್ನಡದಲ್ಲಿ ಬರೆಯುವುದು, ವ್ಯಾನಿನಲ್ಲಿ ಹೋಗಿ ಮೈಕಿನಲ್ಲಿ ಹೇಳುವುದು. ಹೆಣ್ಣುಹುಡುಗಿ ಮೈಕು ಹಿಡಿದಳೆಂದು ಮೊದಲೆರಡು ದಿನ ಜನ ಗೊಬ್ಬರ ಬಿಟ್ಟು ನನ್ನನ್ನೇ ನೋಡಿದರು. ಮೂರನೆಯ ದಿನದಿಂದ ಪ್ರಶ್ನೆ ಕೇಳತೊಡಗಿದರು. ಬಿಳಿ ಗೊಬ್ಬರ ಹಾಕಿದರೆ ಅನ್ನ ಉಪ್ಪಾಗುತ್ತದೆಯೇ ಎಂದು ಒಬ್ಬಜ್ಜ ಕೇಳಿದ. ನನಗೆ ಆ ಕೆಲಸ ಎಷ್ಟು ಹಿಡಿಸಿತೆಂದರೆ, ಪ್ರಯೋಗಶಾಲೆಯಲ್ಲಿ ಇಷ್ಟು ವರ್ಷ ಕಲಿತದ್ದಕ್ಕೆ ಈಗ ಬಾಯಿ ಬಂದಂತಾಯಿತು.

ಇಂಗ್ಲಿಷ್ ಹಾಳೆಯಲ್ಲಿ ಒಂದು ಗುಂಟೆ ಅಗೆಮಡಿಗೆ ನಾಲ್ಕು ಕಿಲೋ ಗೊಬ್ಬರ ಎಂದಿತ್ತು. ಭತ್ತದ ಸಸಿ ಎಬ್ಬಿಸುವ ಮಡಿ ಎಳೆಯ ಮಗುವಿದ್ದ ಹಾಗೆ, ಹೆಚ್ಚಾದರೆ ತಾಳುವುದಿಲ್ಲ. ಹಳ್ಳಿಯಲ್ಲಿ ಈ ಹೊಸ ಕಿಲೋ ಯಾರಿಗೆ ಗೊತ್ತು? ತಕ್ಕಡಿ ಯಾರ ಮನೆಯಲ್ಲಿದೆ? ನಾನು ಮಹಾ ಜಾಣೆಯಲ್ಲವೇ, ಜಲಜಮ್ಮತ್ತೆಯ ಮನೆಯಲ್ಲಿ ಭತ್ತ ಅಳೆಯುವ ಕೊಳಗದಲ್ಲಿ ಗೊಬ್ಬರ ತುಂಬಿ ಅಂಗಡಿಗೆ ಒಯ್ದು ತೂಗಿಸಿದೆ. ಸರಿಯಾಗಿ ನಾಲ್ಕು ಕಿಲೋ! ಕುಣಿದುಬಿಟ್ಟೆ. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದೆ: ಒಂದು ಗುಂಟೆಗೆ ಒಂದು ಕೊಳಗ. ‘ಇಷ್ಟು ಸಲೀಸಾಗಿ ಯಾರೂ ಬರೆದಿರಲಿಲ್ಲ’ ಎಂದು ಸೀತಾರಾಮಪ್ಪನವರು ಬೆನ್ನು ತಟ್ಟಿದರು. ಹತ್ತು ಸಾವಿರ ಅಚ್ಚಾಯಿತು.

ನಿಟ್ಟೂರಿನ ಹತ್ತಿರ ವೆಂಕಮ್ಮ ಎಂಬಾಕೆ ಇದ್ದಾಳೆ. ಗಂಡನಿಲ್ಲ, ಗೇಣಿಗೆ ಒಂದಿಷ್ಟು ಗದ್ದೆ ಮಾಡುತ್ತಾಳೆ. ನನ್ನ ಮಾತು ನಂಬಿ ಆ ಊರಿನಲ್ಲಿ ಮೊದಲು ಗೊಬ್ಬರ ಕೊಂಡವಳು ಅವಳೇ. ಹದಿನೈದು ದಿನ ಬಿಟ್ಟು ಆ ದಾರಿಯಲ್ಲಿ ವ್ಯಾನು ಹೋದಾಗ, ನೋಡೋಣ ಎಂದು ಕುಣಿಯುತ್ತಲೇ ಇಳಿದೆ. ಮಡಿ ಪೂರ್ತಿ ಸುಟ್ಟುಹೋಗಿತ್ತು, ಅಪ್ಪಯ್ಯಾ. ಕೆಂಪಗಾಗಿ, ಮುಟ್ಟಿದರೆ ಪುಡಿಯಾಗುವ ಹಾಗೆ. ಎಷ್ಟು ಹಾಕಿದಿರಿ ಎಂದು ಕೇಳಿದೆ. ‘ಚೀಟೀಲಿ ಇದ್ದಂಗೇ ಹಾಕಿದ್ನಲ್ಲೇ ಮಗಾ, ಒಂದೇ ಕೊಳಗ’ ಎಂದಳು. ಅವಳ ಮನೆಯ ಕೊಳಗ ಗೆದ್ದಲು ತಿಂದು ಹೋಗಿತ್ತಂತೆ. ಒಡೆಯರ ಮನೆಯಿಂದ ಗೇಣಿ ಭತ್ತ ಅಳೆಯುವ ಕೊಳಗ ಕೇಳಿ ತಂದು, ಅವರ ಮನೆಯ ರೂಢಿಯಂತೆ ತಲೆಮೇಲೆ ರಾಶಿ ಬರುವ ಹಾಗೆ ತುಂಬಿ ಅಳೆದಿದ್ದಾಳೆ. ಅದರಲ್ಲಿ ಎಂಟು ಕಿಲೋಕ್ಕೆ ಕಡಿಮೆ ಹಿಡಿಯುವುದಿಲ್ಲ. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ‘ನೀ ಬರ್ದಿದ್ದೂ ಕೊಳಗ, ನಾ ಅಳ್ದಿದ್ದೂ ಕೊಳಗ. ತಪ್ಪು ಎಲ್ಲಾತು ಹೇಳು?’ ಎಂದು ನನ್ನನ್ನೇ ಕೇಳಿದಳು.

ತಪ್ಪು ಎಲ್ಲಾಯಿತೆಂದು ನನಗೆ ಗೊತ್ತಿತ್ತು. ನಿನಗೂ ಗೊತ್ತು. ನನಗಾಗ ಐದು ವರ್ಷ, ಕಣದ ಹುಲ್ಲಿನ ಮೇಲೆ ಕೂತಿದ್ದೆ. ಒಡೆಯರ ಕಡೆಯವರು ಗೇಣಿ ಅಳೆಯುತ್ತಿದ್ದಾಗ ನೀನು ಒಳಗಿನಿಂದ ನಮ್ಮ ಕೊಳಗ ತಂದು ಪಕ್ಕದಲ್ಲಿಟ್ಟೆ. ಅವರದರಲ್ಲಿದ್ದ ಭತ್ತವನ್ನು ನಮ್ಮದಕ್ಕೆ ಸುರಿದೆ. ಅದು ತುಂಬಿ, ಚೆಲ್ಲಿ, ಇನ್ನೂ ಅಷ್ಟೇ ಉಳಿಯಿತು. ‘ಎರಡೂ ಕೊಳಗವೇ ಹೌದಾದ್ರೆ, ಒಂದ್ರಾಗಿದ್ದದ್ದು ಇನ್ನೊಂದ್ರಾಗೆ ಹಿಡೀಬೇಕಲ್ರಾ ಒಡೇರೆ?’ ಎಂದೆ. ಮರುವರ್ಷ ನಮಗೆ ಗದ್ದೆ ಇರಲಿಲ್ಲ. ನೀನು ಭದ್ರಾವತಿಗೆ ಹೋಗಿ ತಗಡು ಬಡಿಯುವುದನ್ನು ಕಲಿತೆ. ಅಂಥವನ ಮಗಳು ನಾನು, ಎಲ್ಲರ ಮನೆಯ ಕೊಳಗವೂ ಒಂದೇ ಎಂದುಕೊಂಡು ಹತ್ತು ಸಾವಿರ ಅಚ್ಚು ಹಾಕಿಸಿದೆ! ಬಿ.ಎಸ್ಸಿ. ಓದಿ ಮರೆತದ್ದೋ, ಮರೆತು ಓದಿದ್ದೋ ತಿಳಿಯದು. ನಾಚಿಕೆಯಿಂದ ಎರಡು ದಿನ ಅನ್ನ ಸೇರಲಿಲ್ಲ.

ಸಾಗರಕ್ಕೆ ಬಂದವಳೇ, ಉಳಿದ ಕರಪತ್ರ ಹಂಚಬೇಡಿ ಎಂದು ಸೀತಾರಾಮಪ್ಪನವರಿಗೆ ಹೇಳಿದೆ. ಆರು ಸಾವಿರದ ಕಟ್ಟು ತೀರ್ಥಹಳ್ಳಿಗೆ ಹೋಗಲು ತಯಾರಾಗಿತ್ತು. ಅವರು ಕೆಟ್ಟವರಲ್ಲ, ನನ್ನನ್ನು ಕೂರಿಸಿ ಕಾಫಿ ತರಿಸಿದರು. ‘ಪ್ರಚಾರ ಅಂದರೆ ಏನಮ್ಮ? ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ತಗೊಳ್ಳಬಾರದು. ಒಂದು ಮಡಿ ಸುಟ್ಟಿತೆಂದು ನಾವೇ ಡಂಗುರ ಹೊಡೆದರೆ ಯಾರು ಕೊಳ್ಳುತ್ತಾರೆ?’ ಎಂದರು. ಆಮೇಲೆ ಮೇಲಿನವರಿಗೆ ಕಳಿಸಲು ಒಂದು ಕಾಗದ ಟೈಪು ಮಾಡಿಸಿ ಮುಂದಿಟ್ಟರು. ಕರಪತ್ರ ಸರಿಯಿತ್ತು, ಅಕ್ಷರ ಬಾರದ ರೈತ ಮಹಿಳೆಯ ಅಜಾಗರೂಕತೆಯಿಂದ ನಷ್ಟವಾಯಿತು ಎಂದು ನಾನು ಕಣ್ಣಾರೆ ಕಂಡು ಬರೆದಂತೆ. ರುಜು ಹಾಕಿದರೆ ಒಳ್ಳೆಯ ಸರ್ಟಿಫಿಕೇಟು, ಮುಂದಿನ ವರ್ಷ ಕಂಪನಿಯಲ್ಲೇ ಕಾಯಂ ಕೆಲಸ. ಅದೇ ಕಾಗದವನ್ನು ತಿರುಗಿಸಿ ಹಿಂದುಗಡೆ ಬರೆದೆ: ‘ಅಳತೆ ಬರೆದವಳು ನಾನು. ತಪ್ಪು ನನ್ನದು. ವೆಂಕಮ್ಮ ಬರೆದಂತೆಯೇ ಮಾಡಿದ್ದಾರೆ.’ ಅದಕ್ಕೆ ರುಜು ಹಾಕಿ ಕೊಟ್ಟೆ. ಅವರ ಮುಖ ಕೆಂಪಾಯಿತು. ನಾಳೆಯಿಂದ ಬರಬೇಡ ಎಂದರು.

ಅವರು ಹೇಳಿದ್ದು ನಾಳೆಯಿಂದ. ಅವತ್ತು ಇನ್ನೂ ಬಾಕಿ ಇತ್ತಲ್ಲ! ವ್ಯಾನಿನ ಡ್ರೈವರ್ ಶೇಷಪ್ಪ ಹೊಸನಗರದ ಸಂತೆಗೆ ಹೊರಟಿದ್ದ, ನಾನೂ ಹತ್ತಿದೆ. ದಾರಿಯಲ್ಲಿ ಅವನಿಗೆ ವಿಷಯ ಹೇಳಿದೆ. ಸಂತೆ ತಲುಪಿದ ಮೇಲೆ ಮೈಕು ಹಚ್ಚಿ ನನ್ನ ಕೈಗೆ ಕೊಟ್ಟು, ‘ನಂಗೆ ಸ್ವಲ್ಪ ಚಾ ಕುಡಿಯದಿತ್ತು’ ಎಂದು ಇಳಿದು ಹೋದ. ನಾನು ಹೇಳಿಯೇಬಿಟ್ಟೆ. ಆ ಚೀಟಿ ಬರೆದವಳು ನಾನೇ, ಅಳತೆ ತಪ್ಪಿದೆ, ಒಡೆಯರ ಮನೆಯ ಕೊಳಗದಲ್ಲಿ ಅಳೆದು ಹಾಕಬೇಡಿ.  ಆಮೇಲೆ ಹಿಂದಿನಿಂದ ಯಾರೋ ‘ಅವ್ರ ಕೊಳಗದ ಸುದ್ದಿ ನಮಗೆ ಹೇಳ್ತೀಯನೇ ತಂಗಿ?’ ಎಂದು ಕೂಗಿದ್ದೇ ತಡ, ನಕ್ಕರು ನೋಡು! ನಗುನಗುತ್ತಲೇ ಹತ್ತಿರ ಬಂದು, ಹಾಗಾದರೆ ಯಾವುದರಲ್ಲಿ ಅಳೆಯುವುದು ಎಂದು ಕೇಳಿದರು. ಗೊಬ್ಬರವೇ ಬೇಡ ಎಂದವರು ಒಬ್ಬರೂ ಇಲ್ಲ. ಸೀತಾರಾಮಪ್ಪನವರ ಲೆಕ್ಕ ಅಲ್ಲಿಗೆ ಸುಳ್ಳಾಯಿತು. ಅದನ್ನು ಅವರಿಗೆ ಹೇಳಲು ಮನಸ್ಸಿತ್ತು, ಆದರೆ ನನ್ನನ್ನು ಆಗಲೇ ತೆಗೆದುಹಾಕಿದ್ದರಲ್ಲ.

ವೆಂಕಮ್ಮನಿಗೆ ಜಲಜಮ್ಮತ್ತೆ ಬೀಜದ ಭತ್ತ ಕೊಟ್ಟಳು. ನಾನೇ ಹೋಗಿ ಬೇರೆ ಮಡಿ ಮಾಡಲು ಕೈಜೋಡಿಸಿದೆ. ನಿನ್ನೆ ಮೊಳಕೆ ಕಂಡಿದೆಯಂತೆ. ಆದರೆ ತೀರ್ಥಹಳ್ಳಿಯ ಕಡೆ ಆರು ಸಾವಿರ ಚೀಟಿ ಹೋಗಿಯೇ ಬಿಟ್ಟಿವೆ. ಮುಂದಿನ ವಾರ ಅಲ್ಲಿ ಅಗೆ ಹಾಕುತ್ತಾರೆ. ನಾನು ನಾಡಿದ್ದು ಬಸ್ಸು ಹತ್ತುತ್ತೇನೆ, ಮೈಕಿಲ್ಲದಿದ್ದರೆ ಬಾಯಿದೆ. ಸರ್ಟಿಫಿಕೇಟು ಇಲ್ಲದೆ ಬರುತ್ತೇನೆಂದು ನೀನು ಬೇಸರ ಮಾಡಿಕೊಂಡರೂ ಸರಿ. ಆ ತಪ್ಪು ನನ್ನದು ಅಪ್ಪಯ್ಯಾ, ಅದನ್ನು ವೆಂಕಮ್ಮನ ತಲೆಗೆ ಕಟ್ಟಲು ಬಿಡುವುದಿಲ್ಲ. ‘ದೊಡ್ಡವರ ಎದುರು ನಿಲ್ಲಬೇಡ’ ಎಂಬ ಮಾತನ್ನು ನೀನು ಯಾವ ಬಾಯಲ್ಲಿ ಬರೆದೆಯೋ!  ಅದಕ್ಕೇ ಹೆಬ್ಬೆರಳು ಕೊಯ್ದುಕೊಂಡಿರಬೇಕು.

ಅವ್ವನಿಗೆ ಅಡ್ಡಬಿದ್ದೆನೆಂದು ಹೇಳು. ಶ್ಯಾಮನ ಕಿವಿಯನ್ನು ನನ್ನ ಪರವಾಗಿ ಒಮ್ಮೆ ಹಿಂಡು. ನಿನಗೆ ಬೈಯಬೇಕೆನಿಸಿದರೆ ಬೈದುಬಿಡು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನಿನ್ನ ಹಟವನ್ನೇ ಹೊತ್ತು ಹುಟ್ಟಿದ ಮಗಳು,
ಯಮುನೆ

ಮರೆತಿದ್ದೆ: ಟಪಾಲು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇವತ್ತಿನ ರೈಲಿಗೆ ಜಲಜಮ್ಮತ್ತೆಯ ಕೊಳಗವನ್ನು ಗೋಣಿಯಲ್ಲಿ ಕಟ್ಟಿ ನಿನ್ನ ಹೆಸರಿಗೆ ಹಾಕಿದ್ದೇನೆ, ಸ್ಟೇಷನ್ನಿನಲ್ಲಿ ಬಿಡಿಸಿಕೋ. ಅದರ ಅಳತೆಗೆ ಸರಿಯಾಗಿ ನಲವತ್ತು ತಗಡಿನ ಡಬ್ಬ ಬೇಕು, ಒಂದೊಂದು ಊರಿಗೆ ಒಂದೊಂದು ಇಟ್ಟು ಬರುತ್ತೇನೆ. ತುಂಡು ತಗಡಾದರೂ ಆದೀತು, ಆದರೆ ಶನಿವಾರದೊಳಗೆ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಬರಬೇಕು. ಒಂದೊಂದನ್ನೂ ಕಳಿಸುವ ಮುಂಚೆ, ಅವತ್ತು ಕಣದಲ್ಲಿ ಮಾಡಿದೆಯಲ್ಲ, ಹಾಗೆಯೇ ಕೊಳಗದಿಂದ ಡಬ್ಬಕ್ಕೆ ಸುರಿದು ನೋಡು.