ಕಾಣೆಯಾದವರು ಇನ್ನೂರ ಹದಿನಾಲ್ಕು

ಏಪ್ರಿಲ್ 6, 1909. ಮಂಗಳವಾರ

ಇಸ್ತ್ರಿ ದಿನ. ಗಂಜಿ ಗಟ್ಟಿಯಾಗಿ ಎರಡು ಕಾಲರ್ ಕೆಟ್ಟವು. ಮತ್ತೆ ಒಗೆದೆ. ಹೋಟೆಲಿನಿಂದ ಒಂದು ಬುಟ್ಟಿ ಹೆಚ್ಚು ಬಂದಿದೆ — ಉತ್ತರದಿಂದ ಬಂದ ಮುದಿ ಆಫೀಸರುಗಳ ಅಂಗಿಗಳು. ಉತ್ತರ-ದಕ್ಷಿಣದ ಯುದ್ಧ ನಡೆದಲ್ಲೆಲ್ಲ ಕಬ್ಬಿಣದ ಫಲಕ ನೆಡುವ ಕಮಿಟಿಯಂತೆ. ಕ್ರೌಡರ್ ಕಡವಿನ ಹತ್ತಿರ ನಮ್ಮವರ ಡಿವಿಷನ್ನಿಗೂ ಒಂದಂತೆ. ಕರಿಯರ ಡಿವಿಷನ್ನಿಗೆ! ನಲವತ್ತೈದು ವರ್ಷ ಅಲ್ಲಿ ದನ ಮೇಯುತ್ತಿದ್ದವು, ಯಾರಿಗೂ ನೆನಪಿರಲಿಲ್ಲ.

ಬೇಲಿಯಾಚೆಯಿಂದ ಕೂಗಿ ಹೇಳಿದವನು ಲೆಮ್ಯುಯೆಲ್. ಅವನಿಗೆ ಖುಷಿ. ಆ ಡಿವಿಷನ್ನಿನಲ್ಲಿದ್ದು ಬದುಕಿ ಬಂದವನು ಈ ಊರಲ್ಲಿ ಈಗ ಅವನೊಬ್ಬನೇ. ನನ್ನ ಗಂಡ ಆನ್ಸೆಲ್ ಬರಲಿಲ್ಲ. ಮಾತು ಕೇಳುತ್ತ ನಿಂತು ಒಂದು ಅಂಗಿಯ ತೋಳು ಸುಟ್ಟೆ.

ಏಪ್ರಿಲ್ 18, ಭಾನುವಾರ

ಕ್ಯಾಪ್ಟನ್ ವಿಟ್ಲಾಕ್ ನಮ್ಮ ಚರ್ಚಿಗೇ ಬಂದಿದ್ದರು. ಆನ್ಸೆಲನ ತುಕಡಿಗೆ ಆಗ ಅವರೇ ಬಿಳಿಯ ಆಫೀಸರ್. ಫಲಕದ ಮಾತುಗಳನ್ನು ಓದಿ ಹೇಳಿದರು. ಡಿವಿಷನ್ ಕಡವು ದಾಟಿತು, ದಿಬ್ಬ ಏರಿತು, ದಕ್ಷಿಣದವರ ದಾಳಿಗೆ ಹಿಮ್ಮೆಟ್ಟಿತು. ಸತ್ತವರು ಮೂವತ್ತೊಂದು. ಕಾಣೆಯಾದವರು ಇನ್ನೂರ ಹದಿನಾಲ್ಕು.

ಜನ ಆಮೆನ್ ಅಂದರು. ಕಾಣೆಯಾದವರಿಗೂ ಆಮೆನ್!

ಕಾಣೆ. ಈ ಪದ ನನ್ನ ಬದುಕನ್ನೇ ತಿಂದಿದೆ. ಯುದ್ಧ ಮುಗಿದ ಮೇಲೆ ನಮ್ಮ ಚರ್ಚಿನ ಹಿರಿಯರು, ಡೀಕನ್‌ಗಳು, ಒಂದು ಕಟ್ಟಳೆ ಮಾಡಿದರು. ಗುಲಾಮಗಿರಿಯ ಕಾಲದಲ್ಲಿ ಗಂಡನನ್ನು ಧಣಿ ದೂರದೇಶಕ್ಕೆ ಮಾರಿದ್ದರೆ ಅವನು ಸತ್ತ ಲೆಕ್ಕ, ಹೆಂಡತಿ ಮತ್ತೆ ಮದುವೆಯಾಗಬಹುದು. ಕಾಣೆಯಾದವನ ಹೆಂಡತಿ ಮಾತ್ರ ಕಾಯಬೇಕು. ಬಂದರೂ ಬಂದಾನು! ಆನ್ಸೆಲನನ್ನು ದನದಂತೆ ಮಾರಿದ್ದರೆ ನಾನು ಸ್ವತಂತ್ರಳು. ಅವನು ಸ್ವಾತಂತ್ರ್ಯಕ್ಕೆಂದು ಬಂದೂಕು ಹಿಡಿದ, ಅದಕ್ಕೇ ನಾನು ಕಟ್ಟುಬಿದ್ದೆ. ಅತ್ತ ವಿಧವೆಯಲ್ಲ, ಇತ್ತ ಹೆಂಡತಿಯೂ ಅಲ್ಲ. ಅವನು ದೂರದ ಒಹಾಯೋದಲ್ಲಿ ಇನ್ನೊಬ್ಬಳ ಜೊತೆ ಇದ್ದಾನೆ ಅಂತ ಬಾವಿಕಟ್ಟೆಯಲ್ಲಿ ನಗುತ್ತಿದ್ದರು.

ಲೆಮ್ಯುಯೆಲ್ ಕಣ್ಣಾರೆ ನೋಡಿದ್ದ. ಹೆಣಗಳ ನಡುವೆ ಹೆಣದಂತೆ ಬಿದ್ದುಕೊಂಡಿದ್ದ. ಆನ್ಸೆಲ್ ಬಂದೂಕು ಕೆಳಗಿಟ್ಟು ಕೈ ಎತ್ತಿದ. ಕೈ ಎತ್ತಿದವರನ್ನೆಲ್ಲ ಹೊಳೆದಂಡೆಗೆ ಕರೆದೊಯ್ದು ಗುಂಡಿಕ್ಕಿದರು, ಹೊಳೆಗೆ ನೂಕಿದರು. ಡೀಕನ್‌ಗಳ ಮುಂದೆ ಇಷ್ಟನ್ನೂ ಹೇಳಿದ. ಡೀಕನ್ ಬರ್ವೆಲ್ ತೊಡೆ ತಟ್ಟಿಕೊಂಡು ನಕ್ಕ. "ಗಂಡ ಸತ್ತ ಅಂತ ಸಾಕ್ಷಿ ಹೇಳೋನು ಯಾರಪ್ಪಾ? ಹೆಂಡ್ತಿ ಮೇಲೆ ಕಣ್ಣಿಟ್ಟೋನು!"

ಅದರ ಹಿಂದಿನ ಭಾನುವಾರವೇ ಲೆಮ್ಯುಯೆಲ್ ಎಲ್ಲರೆದುರು ನನ್ನನ್ನು ಮದುವೆಗೆ ಕೇಳಿಬಿಟ್ಟಿದ್ದ. ಮೊದಲು ಸಾಕ್ಷಿ ಹೇಳಬೇಕಿತ್ತು, ಆಮೇಲೆ ಕೇಳಬೇಕಿತ್ತು. ಪೆದ್ದ, ಉಲ್ಟಾ ಮಾಡಿದ. ಹನ್ನೊಂದು ವರ್ಷ ಕಾದ, ಆಮೇಲೆ ವೈನಿ ಎಂಬವಳನ್ನು ಮದುವೆಯಾದ. ಒಳ್ಳೆಯ ಹೆಂಗಸು. ಅವಳನ್ನು ಮಣ್ಣು ಮಾಡಿದ ದಿನ ಅಡುಗೆ ಮಾಡಿದವಳು ನಾನೇ.

ಏಪ್ರಿಲ್ 20, ಮಂಗಳವಾರ

ಅಂಗಿಗಳು ಹಾಗೇ ಬಿದ್ದಿರಲಿ. ಬೆಳಿಗ್ಗೆಯೇ ಲೆಮ್ಯುಯೆಲನ ಮನೆಗೆ ಹೋದೆ.

"ಕ್ಯಾಪ್ಟನ್ ಹತ್ರ ಹೋಗಿ ಹೇಳು. ಕಾಣೆ ಅಲ್ಲ, ಕೊಂದ್ರು ಅಂತ ಕಬ್ಬಿಣದ ಮೇಲೆ ಬರೀಲಿ."

"ಬೇಡ ಡೋರ್ಕಸ್. ಒಂದ್ಸಲ ಹೇಳಿ ಬಾಯಿ ಸುಟ್ಕೊಂಡಿದೀನಿ."

"ಈಗ ಯಾರೂ ನೀನು ಹೆಣ್ಣಿಗೋಸ್ಕರ ಹೇಳ್ತೀಯ ಅನ್ನಲ್ಲ. ನನ್ನ ಮುಖ ನೋಡು."

ನೋಡಿದ. ನಿಧಾನವಾಗಿ ನೋಡಿದ.

"ಅಂದ್ರೂ ಅಂದಾರು" ಅಂದ.

ಅರವತ್ತಾರು ನನಗೆ. ನಾಚಿಕೆ ಬಂತು, ಆಮೇಲೆ ಸಿಟ್ಟು ಬಂತು. ಬೈದೆ. ಬರುತ್ತೇನೆ ಅಂದ.

ಏಪ್ರಿಲ್ 27

ಹೋಟೆಲಿನ ಹಿಂಬಾಗಿಲು. ಅಡುಗೆಮನೆಯ ಮೆಟ್ಟಿಲ ಮೇಲೆ ನಿಲ್ಲಿಸಿಯೇ ಕ್ಯಾಪ್ಟನ್ ಮಾತಾಡಿಸಿದರು. ಲೆಮ್ಯುಯೆಲ್ ಹ್ಯಾಟ್ ತಿರುಗಿಸುತ್ತ ಎಲ್ಲ ಹೇಳಿದ. ಒಂದು ಸಲವೂ ತಡವರಿಸಲಿಲ್ಲ. ನಾನು ಆ ಕಥೆಯನ್ನು ಪೂರ್ತಿಯಾಗಿ ಕೇಳಿದ್ದು ಇವತ್ತೇ. ಆನ್ಸೆಲ್ ಕೊನೆಗೆ ನೀರು ಕೇಳಿದನಂತೆ. ಇಷ್ಟು ವರ್ಷ ಇವನು ನನಗದನ್ನು ಹೇಳಿರಲಿಲ್ಲ.

ಕ್ಯಾಪ್ಟನ್ ಗಡ್ಡ ನೀವಿಕೊಂಡರು. "ನಿಜ ಇರಬಹುದು ಲೆಮ್. ಆದ್ರೆ ನಿನ್ನೊಬ್ಬನ ಮಾತು. ವರದಿಯಲ್ಲಿ ಕಾಣೆ ಅಂತಿದೆ. ಫಲಕಕ್ಕೆ ಜಾಗ ಕೊಟ್ಟಿರೋರು ಮೇಜರ್ ಕ್ರೆನ್ಷಾ. ಅವತ್ತು ದಕ್ಷಿಣದ ಕಡೆ ಇದ್ದೋರು. ಈಗ ಸ್ನೇಹದ ಕಾಲ. ಹಳೇ ಗಾಯ ಕೆರೆಯೋದು ಬೇಡ."

"ಗಾಯ ಬದುಕಿರೋರಿಗೆ ಕ್ಯಾಪ್ಟನ್" ಅಂದೆ. "ನಾನು ಹೇಳ್ತಿರೋದು ಹೆಣದ ವಿಷಯ."

"ಆ ಕಡೆಯವರು ಒಬ್ಬರಾದ್ರೂ ಹೌದು ಅನ್ನಲಿ. ಆಗ ನೋಡೋಣ."

ಕೊಂದವನೇ ಬಂದು ಸಾಕ್ಷಿ ಹೇಳಬೇಕಂತೆ!

ಮೇ 11

ಇಸ್ತ್ರಿ. ಫಲಕ ರೈಲಿನಲ್ಲಿ ಬಂತಂತೆ. ಬರೆಯಲು ಏನೂ ಇಲ್ಲ.

ಮೇ 29, ಶನಿವಾರ, ಸಂಜೆ

ಕಡವಿನ ಹತ್ತಿರ ಫಲಕದ ಸಮಾರಂಭ ಮುಗಿಸಿ ಈಗ ಬಂದೆ.

ಬಿಳಿಯರಿಗೆ ಕುರ್ಚಿ. ನಾವು ಹಗ್ಗದ ಹಿಂದೆ. ನಮ್ಮ ಡಿವಿಷನ್ನಿನ ಫಲಕ, ನಾವೇ ಹಗ್ಗದ ಹಿಂದೆ! ಬ್ಯಾಂಡ್ ಬಾರಿಸಿದರು, ಬಟ್ಟೆ ಎಳೆದರು. ಕಪ್ಪು ಕಬ್ಬಿಣ, ಬಿಳಿ ಅಕ್ಷರ. ಕಾಣೆಯಾದವರು ಇನ್ನೂರ ಹದಿನಾಲ್ಕು.

ಆಮೇಲೆ ಮೇಜರ್ ಕ್ರೆನ್ಷಾ ಎದ್ದ. ಹಣ್ಣುಮುದುಕ, ಒಳ್ಳೆಯ ಲಹರಿಯಲ್ಲಿದ್ದ. ಕುದುರೆ ಕಥೆ ಹೇಳಿದ, ಹಸಿವಿನ ಕಥೆ ಹೇಳಿದ. ಆಮೇಲೆ ಅಂದ — "ಆ ದಿನ ನಮ್ಮ ಹುಡುಗ್ರಿಗೇ ಊಟ ಇರ್ಲಿಲ್ಲ, ಇನ್ನು ಕೈದಿಗಳಿಗೆ ಎಲ್ಲಿಂದ ತರೋದು? ಕೈ ಎತ್ಕೊಂಡು ಬಂದ್ರು. ಹೊಳೆ ಹತ್ರಾನೇ ಇತ್ತು. ಎಲ್ರಿಗೂ ದೀಕ್ಷಾಸ್ನಾನ ಮಾಡಿಸಿ ಕಳಿಸಿಬಿಟ್ವಿ!"

ಕುರ್ಚಿಗಳು ನಕ್ಕವು. ಹೆಂಗಸರು ಬೀಸಣಿಗೆ ಮುಖಕ್ಕೆ ಹಿಡಿದು ನಕ್ಕರು. ಒಬ್ಬರೂ ಸಾಕ್ಷಿ ಎಲ್ಲಿ ಅಂತ ಕೇಳಲಿಲ್ಲ.

ಹಗ್ಗ ಎತ್ತಿ ಒಳಗೆ ನಡೆದೆ. ಯಾರೋ ತಡೆದರು, ನಿಲ್ಲಲಿಲ್ಲ.

"ಕೇಳಿಸ್ತಾ ಕ್ಯಾಪ್ಟನ್? ಆ ಕಡೆಯವರು ಹೌದು ಅಂದ್ರು."

ಕ್ಯಾಪ್ಟನ್ ತಮ್ಮ ಬೂಟು ನೋಡಿಕೊಂಡರು. "ಅಚ್ಚು ಹಾಕಿ ಆಯ್ತಲ್ಲ, ಆಂಟಿ." ವಯಸ್ಸಾದ ಕರಿ ಹೆಂಗಸರನ್ನೆಲ್ಲ ಬಿಳಿಯರು ಹೆಸರು ಹಿಡಿಯದೆ ಹೀಗೇ ಕರೆಯುವುದು.

"ನಾನು ಯಾರ ಆಂಟಿನೂ ಅಲ್ಲ. ಆನ್ಸೆಲ್ ಟಾಲಿವರ್ ವಿಧವೆ."

ಬಾಯಿಂದ ತಾನಾಗಿ ಬಂತು. ಹಿಂತಿರುಗಿ ನೋಡಿದರೆ ಲೆಮ್ಯುಯೆಲ್ ಹಗ್ಗ ಹಿಡಿದುಕೊಂಡು ಮಗುವಿನಂತೆ ಅಳುತ್ತಿದ್ದ. ಅವನ ಸತ್ಯವನ್ನು ನಂಬಿಸಲು ಆ ಹಂತಕ ನಗಾಡಬೇಕಾಯಿತು.

ಜೂನ್ 6, ಭಾನುವಾರ

ಇಡೀ ವಾರ ಬೇರೆಯವರ ಬಟ್ಟೆ ಮುಟ್ಟಲಿಲ್ಲ. ನನ್ನ ಕಂದು ಗೌನನ್ನು ಅಕ್ರೋಟದ ಸಿಪ್ಪೆ, ತುಕ್ಕು ಮೊಳೆ ಹಾಕಿ ಕುದಿಸಿದೆ. ಕಪ್ಪು ಚೆನ್ನಾಗಿ ಹಿಡಿಯಿತು. ಅದನ್ನೇ ತೊಟ್ಟು ಚರ್ಚಿಗೆ ಹೋದೆ.

ಪಾಸ್ಟರ್ ಗೇನ್ಸ್ ಬಾಗಿಲಲ್ಲೇ ಕೈ ಹಿಡಿದರು. ಹೊಸಬರು, ಸಣ್ಣ ವಯಸ್ಸು. "ಅಯ್ಯೋ ಸಿಸ್ಟರ್ ಟಾಲಿವರ್, ಯಾರು ತೀರ್ಕೊಂಡ್ರು?"

"ನನ್ನ ಗಂಡ."

"ಯಾವಾಗ?"

"ಹೋದ ವಾರ, ಶನಿವಾರ."

ಬರ್ವೆಲನ ಮಗಳು ಮುಂದಿನ ಬೆಂಚಿನಲ್ಲಿದ್ದಳು. ತಲೆ ತಗ್ಗಿಸಿದಳು. ನಗಲು ಇನ್ಯಾರು ಉಳಿದಿದ್ದಾರೆ? ಕಟ್ಟಳೆ ಮಾಡಿದವರೆಲ್ಲ ಚರ್ಚಿನ ಹಿಂದೆ ಮಲಗಿದ್ದಾರೆ, ಒಬ್ಬೊಬ್ಬರಿಗೂ ಒಂದೊಂದು ಕಲ್ಲು.

ಸಂಜೆ ಲೆಮ್ಯುಯೆಲ್ ಬಂದ. ಒಳ್ಳೆಯ ಕೋಟು ಹಾಕಿದ್ದ. ಜೋಳದ ರೊಟ್ಟಿ, ಸೊಪ್ಪು ಬಡಿಸಿದೆ. ತಿನ್ನದೆ ನನ್ನ ಕಪ್ಪು ತೋಳನ್ನೇ ನೋಡುತ್ತಿದ್ದ.

"ವಿಧವೆ ಒಂದು ವರ್ಷ ಕಪ್ಪು ತೊಡ್ಬೇಕು, ಅಲ್ವಾ?"

"ಹೌದು. ಅದೇ ಪದ್ಧತಿ."

"ಆಮೇಲೆ?"

"ಆಮೇಲೆ ಏನು?"

"ನಂಗೆ ಎಪ್ಪತ್ತಾಯ್ತು ಡೋರ್ಕಸ್. ನೀನೇ ಲೆಕ್ಕ ಹಾಕು."

ನನಗೆ ನಗಬೇಕೋ ತಟ್ಟೆ ಎತ್ತಿ ಒಗೆಯಬೇಕೋ ತಿಳಿಯಲಿಲ್ಲ. ಆನ್ಸೆಲನಿಗಾಗಿ ಅಳಲು ನನಗೆ ಸಿಕ್ಕಿದ್ದೇ ಈ ಒಂದು ವಾರ. ಅದರಲ್ಲೂ ಪಾಲು ಕೇಳುತ್ತಾನೆ. ಬೆನ್ನು ತಿರುಗಿಸಿ ಪಾತ್ರೆ ತೊಳೆಯತೊಡಗಿದೆ. ಅವನು ಎದ್ದು ಹೋದ. ರೊಟ್ಟಿ ಹಾಗೇ ಇದೆ. ಬೇಲಿಯಾಚೆ ಅವನ ಕೆಮ್ಮು ಕೇಳುತ್ತಿದೆ. ಪದ್ಧತಿ ಅಂದೆ ಅವನಿಗೆ. ಯಾರ ಪದ್ಧತಿ? ನಾಳೆ ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಹೋಗಿ ಹೇಳುತ್ತೇನೆ — ಲೆಮ್ಯುಯೆಲ್, ಈ ಕಪ್ಪು ಗೌನಿನಲ್ಲೇ ನಿನ್ನ ಮದುವೆಯಾಗ್ತೀನಿ.