ಉರಿಗೆ ಹಿಡಿದ ತೊಡೆ

ಅವ್ವಾ,

ಊರಲ್ಲಿ, ದುಡಿದರೆ ಕುರಿಯಲ್ಲಿ ಪಾಲು ಕೊಡುತ್ತೇವೆಂದರು ಗೌಡರು. ತಲೆ, ಕಾಲು ಕೊಟ್ಟರು. ತೊಡೆಯನ್ನು ತಮ್ಮಪ್ಪನ ಆಸ್ತಿಯಂತೆ ಒಳಗೊಯ್ದರು. ಮುಂಬಯಿಗೆ ಹೋದಮೇಲೆ ತೊಡೆ ತಿನ್ನಿಸುತ್ತೇನೆಂದೆ ನಾನು. ಇಲ್ಲಿಗೆ ಬಂದು ನೀನು ಕೇಳಿದಾಗಲೆಲ್ಲ "ಮೊದಲು ನಮ್ಮ ಸಫಾಯಿ ಕೆಲಸಗಾರರ ಹೋರಾಟ" ಎಂದು ಬಾಯಿ ಮುಚ್ಚಿಸಿದೆ.

ನೀನು ತೀರಿಹೋಗಿ ವರ್ಷವಾಯಿತು. ಇಂದು ಬಾಂದ್ರಾದಲ್ಲಿ ತೊಡೆ ಕೊಂಡೆ. ಕೂದಲು ಹೋಗಲೆಂದು ನೀನು ತಲೆ, ಕಾಲು ಸುಡುತ್ತಿದ್ದಂತೆ ಅದನ್ನೂ ಗ್ಯಾಸಿನ ಉರಿಗೆ ಹಿಡಿದೆ. ಪಕ್ಕದ ಖೋಲಿಯ ಬುಷರಾ ಬಿದ್ದುಬಿದ್ದು ನಕ್ಕಳು: "ಯಕ್ಕಾ, ತೊಡಿಗೆ ಕೂದಲಾ ಎಲ್ಲದಾವ ಬೇ? ಏನ್ ಸುಡಾಕತ್ತೀ?"

ಬೇಯಿಸಿ ತಿಂದೆ. ರುಚಿಯಿತ್ತೋ ಇಲ್ಲವೋ, ಗೊತ್ತಾಗಲಿಲ್ಲ. ಇದಕ್ಕಾಗಿಯೇ ಅಷ್ಟು ಕೂಗಾಡಿದೆವೇ? ನೀನು ತಿಂದು ಹೇಳಬೇಕಿತ್ತು.

ಬೊರಿವಲಿಯಲ್ಲಿ ಸಫಾಯಿ ಸಂಘದ ಸಭೆಗೆ ಅಡಿಗೆ ನನ್ನದೇ. ತಲೆ ತರಲೋ, ತೊಡೆ ತರಲೋ, ತಿಳಿಯುತ್ತಿಲ್ಲ. ಸಭೆ ಭಾನುವಾರ, ಬೆಳಿಗ್ಗೆ ಹತ್ತಕ್ಕೆ.