ಬಾಯಲ್ಲಿ ಹತ್ತಿ ಇದ್ದಾಗ

ಜೂನ್ 1, ಸೋಮವಾರ. ಬೆಳಿಗ್ಗೆ 8.42

ಕಾರಿನಲ್ಲೇ. ಕ್ಲಿನಿಕ್ಕಿನ ಹಿಂದಿನ ಗೋಡೆಯ ಪಕ್ಕ, ಎಂದಿನ ಜಾಗ. ಫ್ಲಾಸ್ಕಿನ ಕಾಫಿ ಇನ್ನೂ ಸುಡುತ್ತಿದೆ. ಒಂಬತ್ತಕ್ಕೆ ಮೊದಲ ಹಲ್ಲು. ಅಲ್ಲಿಯವರೆಗಿನ ಹದಿನೆಂಟು ನಿಮಿಷ ನನ್ನದು. ಫೋನನ್ನು ಡಿಕ್ಕಿಯಲ್ಲಿ ಹಾಕಿ ಬೀಗ ಜಡಿದಿದ್ದೇನೆ, ಬಡಿದುಕೊಳ್ಳಲಿ.

ಈ ವರ್ಷದ ಗುರಿಗಳನ್ನು ಮತ್ತೆ ಬರೆಯಬೇಕು. ಜನವರಿಯ ಪಟ್ಟಿ ಕಳೆದುಹೋಗಿದೆ. ಒಂದು — ಈಜು. ನಲವತ್ತೈದು ತುಂಬುವುದರೊಳಗೆ, ಅಂದರೆ ಜುಲೈ 2ರೊಳಗೆ, ಕೊಳದ ಈ ತುದಿಯಿಂದ ಆ ತುದಿಗೆ, ಕಾಲು ನೆಲಕ್ಕೆ ತಾಗಿಸದೆ. ಎರಡು — ಕೂತು ಊಟ ಮಾಡುವುದು. ಮೂರನೆಯದು ನೆನಪಾಗುತ್ತಿಲ್ಲ. ಏನೋ ಒಳ್ಳೆಯದೇ ಇತ್ತು.

ಈಜು ಅರ್ಧ ಕೊಳದವರೆಗೆ ಬಂದಿದೆ. ನಡುವೆ ಹೆದರಿ ನಿಂತುಬಿಡುತ್ತೇನೆ. ನಿಂತರೆ ನೀರು ಎದೆಮಟ್ಟ ಅಷ್ಟೇ, ನಾಚಿಕೆಗೇಡು. ಏಳು ವರ್ಷದ ಒಂದು ಹುಡುಗಿ ನನ್ನನ್ನು ದಾಟಿ ಹೋಗಿ, ಗೋಡೆ ಮುಟ್ಟಿ, ವಾಪಸ್ಸೂ ಬರುತ್ತಾಳೆ. ಬರುವಾಗ "ಆಂಟಿ, ಸೈಡ್!" ಅನ್ನುತ್ತಾಳೆ.

ಜೂನ್ 3, ಬುಧವಾರ. 8.45

ನಿನ್ನೆ ಸಂಜೆ ದೊಡ್ಡ ಡಾಕ್ಟರು ಕರೆದರು. ಕ್ಲಿನಿಕ್ ಅವರದು. ಎರಡು ಕುರ್ಚಿ — ಒಂದರಲ್ಲಿ ಅವರ ರೋಗಿಗಳು, ಇನ್ನೊಂದರಲ್ಲಿ ನನ್ನವರು. ಹದಿಮೂರು ವರ್ಷ ಹೀಗೇ.

"ಕೈ ನಡುಗೋಕೆ ಶುರುವಾಗಿದೆ ಕಣಮ್ಮ" ಅಂದರು. "ಯಾರಿಗೂ ಗೊತ್ತಾಗೋ ಮುಂಚೆ ಮರ್ಯಾದೆಯಾಗಿ ಜಾಗ ಖಾಲಿ ಮಾಡ್ತೀನಿ. ಕ್ಲಿನಿಕ್ ನೀನೇ ನೋಡ್ಕೋ. ತಿಂಗಳ ಕೊನೆಯೊಳಗೆ ಹೇಳಿಬಿಡು. ಬೇಡ ಅಂದ್ರೆ ಬೇರೆಯವರು ಕೇಳ್ತಾ ಇದ್ದಾರೆ."

ಹದಿಮೂರು ವರ್ಷದಿಂದ ಈ ಮಾತಿಗೇ ಕಿವಿ ನೆಟ್ಟು ಕೂತಿದ್ದೆ. ಕುಣಿದಾಡಬೇಕಿತ್ತು. ಏನೂ ಆಗಲಿಲ್ಲ. ಬಾಯಿಂದ ಬಂದ ಮೊದಲ ಪ್ರಶ್ನೆ — "ಸರ್, ಗುರುವಾರ ಮಧ್ಯಾಹ್ನ?"

ಗುರುವಾರ ಅರ್ಧ ದಿನ ರಜೆ. ಅವತ್ತೇ ನನ್ನ ಈಜು.

"ಅಯ್ಯೋ, ರಜೆ ಇರೋದು ನಿನಗೆ! ಸಾಮಾನಿನವರು, ಮೆಷಿನ್ ರಿಪೇರಿಯವರು, ಎಲ್ಲಾ ವಕ್ಕರಿಸೋದು ಅವತ್ತೇ."

ಬೇಡ ಅಂದರೆ, ಬರುವ ಹೊಸಬರು ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ. ಬೇಕು ಅಂದರೆ ಎಲ್ಲವೂ ನನ್ನದು, ಗುರುವಾರವೊಂದನ್ನು ಬಿಟ್ಟು. ಒಂದು ಗುರುವಾರಕ್ಕಾಗಿ ಯಾರಾದರೂ ಕ್ಲಿನಿಕ್ ಬಿಡುತ್ತಾರಾ? ನನಗೇ ನಗು ಬರುತ್ತದೆ. ಆಮೇಲೆ ಬರುವುದಿಲ್ಲ.

ಜೂನ್ 5, ಶುಕ್ರವಾರ. 8.40

ನಿನ್ನೆ ಅರ್ಧಕ್ಕಿಂತ ನಾಲ್ಕು ಕೈಬೀಸು ಹೆಚ್ಚು ಹೋದೆ. ಕೋಚ್ ದಡದಿಂದ ಕೂಗಿದರು: "ನೀರೊಳಗೆ ಉಸಿರು ಬಿಡಿ ಡಾಕ್ಟ್ರೇ! ಹಿಡ್ಕೊಂಡ್ರೆ ಅರ್ಧಕ್ಕೇ ದಮ್ಮು ಕಟ್ಟುತ್ತೆ!" ಹಿಡಿದುಕೊಂಡಿದ್ದೇನೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಬೆಂಚಿನ ಮೇಲೆ ಕೂತು ಒಂದು ಕಿತ್ತಳೆ. ಒದ್ದೆ ತಲೆ, ಬಿಸಿಲು, ಸಿಪ್ಪೆ ಮಡಿಲಲ್ಲಿ. ಕೂತೇ ತಿಂದೆ. ಎರಡನೆಯ ಗುರಿಗೂ ಒಂದು ಗೆರೆ ಎಳೆಯಬಹುದು.

ಜೂನ್ 9, ಮಂಗಳವಾರ. 8.47

ಮನೆಯಲ್ಲಿ ಎಲ್ಲರನ್ನೂ ಕೇಳಿದ್ದಾಯಿತು, ಎಲ್ಲರೂ ಕ್ಲಿನಿಕ್ ತೆಗೆದುಕೋ ಅಂದರು — ಹೀಗೆಂದು ನೆಮ್ಮದಿಯಾಗಿದ್ದೆ. ರಾತ್ರಿ ಊಟಕ್ಕೆ ಕೂತಾಗ ಹಾಗೇ ಹೇಳಿದೆ. ಮಗಳು ಚಮಚ ಕೆಳಗಿಟ್ಟಳು. ಹದಿನಾಲ್ಕು ವರ್ಷ, ನಾಲಿಗೆಗೆ ಮೂಳೆಯಿಲ್ಲ.

"ಯಾರಮ್ಮ ಅಂದಿದ್ದು?"

"ನೀನೇ. ನಿನ್ನೆ."

"ನೀನು ಕೇಳ್ದೆ — 'ಒಳ್ಳೇದಲ್ವಾ ಪುಟ್ಟಿ, ಅಮ್ಮಂದೇ ಕ್ಲಿನಿಕ್ಕು, ಅಲ್ವಾ, ಹಾಂ, ಸರಿ.' ನಾನು ಬಾಯಿ ತೆರೆಯೋದ್ರೊಳಗೆ ನೀನು ಎದ್ದು ಹೋದೆ. ಅಪ್ಪನ ಹತ್ರಾನೂ ಅಷ್ಟೆ. ನೀನು ನಮ್ಮನ್ನ ಆ ಕುರ್ಚಿಲಿ ಮಲಗಿಸಿಕೊಂಡ ಹಾಗೇ ಮಾತಾಡ್ತೀಯ."

ಇವರ ಮುಖ ನೋಡಿದೆ. ಇವರು ಲಿಫ್ಟ್ ರಿಪೇರಿಯವರು. ಏನು ಕೇಳಿದರೂ ಉತ್ತರ ನೆಲಮಹಡಿಯಿಂದ ಮೇಲೆ ಬರಬೇಕು, ಅದು ಬರುವಷ್ಟರಲ್ಲಿ ನಾನು ಇನ್ನೊಂದು ಕೆಲಸಕ್ಕೆ ಹೋಗಿರುತ್ತೇನೆ. ತಟ್ಟೆ ನೋಡುತ್ತಾ ನಗುತ್ತಿದ್ದರು. ಸಿಟ್ಟು ಬಂತು. ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಜೂನ್ 10, ಬುಧವಾರ. ಮಧ್ಯಾಹ್ನ 1.50

ಪರೀಕ್ಷೆ ಮಾಡಿಯೇಬಿಡೋಣ ಎಂದು ಸಕ್ಷನ್ ಅಕ್ಕನಿಗೆ ಹೇಳಿದ್ದೆ. ಇಪ್ಪತ್ತು ವರ್ಷದಿಂದ ರೋಗಿಗಳ ಬಾಯಿಯ ಎಂಜಲು ಎಳೆಯುವ ನಳಿಗೆ ಹಿಡಿದು ನಿಂತವರು, ಆ ಹೆಸರೇ ನಿಂತಿದೆ. ಬೆಳಗಿನಿಂದ ನಾನು ಕೇಳಿದ ಪ್ರಶ್ನೆಗೆಲ್ಲ ಒಂದೊಂದು ಗೀಟು ಹಾಕಿದ್ದಾರೆ. ನಲವತ್ತೊಂದು. ಮಕ್ಕಳು ಹೇಗಿದ್ದಾರೆ, ಕೆಲಸ ಹೇಗಿದೆ, ನೋಯ್ತಾ ಇಲ್ಲ ತಾನೇ.

"ಅದರಲ್ಲಿ ಬಾಯಿ ಖಾಲಿ ಇದ್ದೋರಿಗೆ ಕೇಳಿದ್ದು ಎಷ್ಟು?"

"ಎರಡು, ಮೇಡಂ. ಒಂದು ನನಗೇ ಕೇಳಿದ್ದು — ಗೀಟು ಹಾಕ್ತಾ ಇದ್ದೀರಾ ಅಂತ."

ಹದಿಮೂರು ವರ್ಷ. ಬಾಯಿ ತುಂಬ ಹತ್ತಿ ತುರುಕಿ ಪ್ರಶ್ನೆ ಕೇಳಿದ್ದೇನೆ. ಅವರು "ಆಂ" ಅಂದಿದ್ದಾರೆ. ನಾನು ಹೌದು ಎಂದುಕೊಂಡಿದ್ದೇನೆ.

ಜೂನ್ 19, ಶುಕ್ರವಾರ. 8.41

ಒಂಬತ್ತು ದಿನ ಬರೆದಿಲ್ಲ. ಹಲ್ಲುನೋವು. ನಗುವವರು ನಗಲಿ. ಎಡಗಡೆ ಕೆಳಗಿನ ದವಡೆಹಲ್ಲು. ನೋವು ತಡೆದುಕೊಂಡು ಕೊಳಕ್ಕೂ ಹೋದೆ, ನಾಲ್ಕೇ ಕೈಗೆ ವಾಪಸ್.

ನಿನ್ನೆ ಬೆಳಿಗ್ಗೆ ದೊಡ್ಡ ಡಾಕ್ಟರೇ ಹಲ್ಲು ತುಂಬಿದರು. ನನ್ನ ಕುರ್ಚಿಯಲ್ಲಿ ನಾನೇ ಮಲಗಿದ್ದೆ. ಚಾವಣಿಯಲ್ಲಿ ಒಂದು ಬಿರುಕಿದೆ, ಇಷ್ಟು ವರ್ಷ ಕಂಡೇ ಇರಲಿಲ್ಲ. ನನ್ನ ಬಾಯೊಳಗೆ ಅವರ ಕೈ ನಡುಗಲಿಲ್ಲ. ಹೊರಗೆ ತೆಗೆದಾಗ ನಡುಗಿತು.

ಕೆನ್ನೆ ಮರಗಟ್ಟಿತ್ತು, ಬಾಯಲ್ಲಿ ಮೂರು ಉಂಡೆ ಹತ್ತಿ, ನಳಿಗೆ ಬೇರೆ. ಆಗ ಕೇಳಿದರು: "ಹಾಗಾದ್ರೆ ಒಂದನೇ ತಾರೀಖಿಂದ ಕ್ಲಿನಿಕ್ ನಿಂದೇ. ಅಲ್ವಾ?"

"ಆಂ" ಅಂದೆ.

"ಸರಿ, ಆಯ್ತು!" ಭುಜ ತಟ್ಟಿದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಬಾಯಿ ತೊಳೆದು ಏಳುವಷ್ಟರಲ್ಲಿ ಆಚೆ ಹೋಗಿ ಹೆಂಡತಿಗೆ ಫೋನ್ ಮಾಡುತ್ತಿದ್ದರು: "ಒಪ್ಪಿಕೊಂಡ್ಲು ಕಣೆ."

ಒಪ್ಪಿಕೊಂಡೆನಾ? ಬೇಕು ಅನ್ನಲು ಬಾಯಿ ತೆರೆದೆನೋ, ಬೇಡ ಅನ್ನಲೋ, ಇಲ್ಲ, ತಡೀರಿ ಸರ್ ಅನ್ನಲೋ? ನಿಜವಾಗಿ ಗೊತ್ತಿಲ್ಲ. ನಾನಾಡಿದ ಮಾತು ನನಗೇ ಗೊತ್ತಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಜೂನ್ 22, ಸೋಮವಾರ. 8.55

ದೊಡ್ಡ ಡಾಕ್ಟರು ಹೊಸ ಬೋರ್ಡಿಗೆ ಹೇಳಿದ್ದಾರೆ. ನನ್ನ ಹೆಸರು ದೊಡ್ಡದಾಗಿ, ಅವರದು ಇಲ್ಲವೇ ಇಲ್ಲ. "ಅಕ್ಷರ ನೀಲಿನಾ, ಹಸಿರಾ?" ಎಂದು ಕೇಳಿದರು. ಬಾಯಿ ಖಾಲಿ ಇತ್ತು. ಆದರೂ "ನೀಲಿ" ಅಂದುಬಿಟ್ಟೆ. ಎಂಥ ಹೆಂಗಸು ನಾನು.

ಕಾಫಿ ತಂದಿಲ್ಲ. ಫ್ಲಾಸ್ಕ್ ಮನೆಯಲ್ಲೇ ಮರೆತೆ.

ಜೂನ್ 26, ಶುಕ್ರವಾರ. 8.43

ನಿನ್ನೆ ಈಜಿಗೆ ಹೋಗಲಿಲ್ಲ. ಸಲಕರಣೆ ಕುದಿಸುವ ಮೆಷಿನ್‌ನವನು ಎರಡಕ್ಕೆ ಬರುತ್ತೇನೆಂದು ನಾಲ್ಕೂವರೆಗೆ ಬಂದ. ಈಜುಡುಗೆಯ ಚೀಲ ಕಾಲ ಬಳಿ ಇಟ್ಟುಕೊಂಡೇ ಕೂತಿದ್ದೆ. ಅಳು ಬಂತು. ಮೆಷಿನ್ ಹಾಳಾಗಿದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಅವನು "ಸರಿಹೋಗುತ್ತೆ ಬಿಡಿ ಮೇಡಂ" ಅಂತ ಸಮಾಧಾನ ಮಾಡಿದ.

ಅವನು ಹೋದ ಮೇಲೆ ಸಕ್ಷನ್ ಅಕ್ಕ ಬಾಗಿಲು ಹಾಕಿಕೊಂಡು ಬಂದರು. "ಒಂದು ಮಾತು ಹೇಳ್ಲಾ? ಡಾಕ್ಟ್ರುಗಳು ನೀವು ಬಾಯಿ ಮಾತ್ರ ನೋಡ್ತೀರಿ. ನನಗೆ ಅಲ್ಲಿ ನಿಂತ್ರೆ ಕಾಣೋದು ಕಾಲು. ಅವತ್ತು ಸರ್ ಕೇಳಿದಾಗ ನಿಮ್ಮ ಕಾಲು ಬೇರೆ ಏನೋ ಹೇಳ್ತಿತ್ತು."

"ನೋವಿಗಿರಬೇಕು ಅಕ್ಕ."

"ನೋವಾದ್ರೆ ಒಂದು ಸಲ ಒದ್ದು ಸುಮ್ನಾಗ್ತಾರೆ. ನೀವು ಎರಡೂ ಕಾಲು ಬಿಡದೆ ಬಡೀತಾ ಇದ್ರಿ. ಒಂದು ಚಪ್ಪಲಿ ಹಾರಿ ಬಿತ್ತು. ನಾನೇ ಎತ್ತಿಟ್ಟೆ."

ಬಿಡದೆ ಬಡಿಯುವುದು. ಹಾಗೆ ಬಡಿಯಲು ನನಗೆ ಕಲಿಸಿದ್ದು ಕೋಚ್. ಓಡಿಹೋಗಲು ಬಡಿದೆನೋ, ಹೆದರಿ ಬಡಿದೆನೋ? ಕಾಲನ್ನು ಕೇಳೋಣ ಅಂದರೆ ಅದಕ್ಕೆ ಬಾಯಿಲ್ಲ.

ಜೂನ್ 28, ಭಾನುವಾರ. ಮಧ್ಯಾಹ್ನ

ಇದೇ ಮೊದಲ ಸಲ ಮನೆಯಲ್ಲಿ ಬರೆಯುತ್ತಿರುವುದು. ಇವರು ಬಟ್ಟೆ ಮಡಚುತ್ತಿದ್ದರು. ಎದುರಿಗೆ ಕೂತು ಕೇಳಿದೆ: "ರೀ, ಕ್ಲಿನಿಕ್ ತಗೊಳ್ಳಾ, ಬೇಡ್ವಾ?" ಆಮೇಲೆ ಬಾಯಿ ಮುಚ್ಚಿಕೊಂಡೆ. ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಿದ್ದೆ. ಹತ್ತು. ಇಪ್ಪತ್ತು. ತುಟಿ ಕಚ್ಚಿಕೊಂಡೆ. ಒಂದು ಅಂಗಿ ಮಡಚಿದರು, ಇನ್ನೊಂದು ತೆಗೆದುಕೊಂಡರು. ನಲವತ್ತು ಸೆಕೆಂಡು.

"ನನಗೂ ಗೊತ್ತಾಗ್ತಿಲ್ಲ" ಅಂದರು. ಇನ್ನೂ ಕಾದೆ. "ಗುರುವಾರ ನೀನು ಬರುವಾಗ ಮೆಟ್ಟಿಲ ಮೇಲೆ ಹಾಡ್ಕೊಂಡು ಬರ್ತೀಯ. ಬೇರೆ ದಿನ ಬೀಗದ ಕೈ ಸದ್ದು ಮಾತ್ರ. ಈ ಗುರುವಾರ ಹಾಡಿರಲಿಲ್ಲ. ಅಷ್ಟು ಗೊತ್ತು ನನಗೆ."

ನಾನು ಹಾಡುತ್ತೇನೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಹದಿನಾರು ವರ್ಷದ ಸಂಸಾರ. ಇವರ ಹತ್ತಿರ ಇಂಥದ್ದು ಇನ್ನೆಷ್ಟಿದೆಯೋ, ನಾನು ನಲವತ್ತು ಸೆಕೆಂಡು ಕಾಯದ್ದರಿಂದ ಒಳಗೇ ಉಳಿದದ್ದು. ಇವರ ಭುಜಕ್ಕೆ ಹಣೆ ಒತ್ತಿ ಕೂತುಬಿಟ್ಟೆ. ಬಟ್ಟೆ ಹಾಗೇ ಉಳಿಯಿತು.

ಜೂನ್ 30, ಮಂಗಳವಾರ. 8.44

ಕೊನೆಯ ದಿನ. ಬೋರ್ಡ್ ಬಂದಿದೆ, ಗೋಡೆಗೆ ಒರಗಿಸಿಟ್ಟಿದ್ದಾರೆ, ಕಾಗದ ಸುತ್ತಿದೆ. ಒಂದು ಮೂಲೆಯಲ್ಲಿ ನೀಲಿ ಕಾಣುತ್ತದೆ.

ಗಾಜು ಏರಿಸಿ ಜೋರಾಗಿ ಹೇಳಿ ನೋಡಿದೆ. "ಬೇಕು ಸರ್." ಸುಮ್ಮನೆ ಒಂದು ಮಾತು, ನಾಲಿಗೆ ಮೇಲೆ ಬಂದು ಹೋಯಿತು. "ಬೇಡ ಸರ್." ಹೊಟ್ಟೆಯೊಳಗೆ ಧಸಕ್ಕೆಂದಿತು. ಕೊಳದ ನಡುವೆ ಕಾಲು ನೆಲ ಬಿಡುವಾಗ ಆಗುವುದೂ ಇದೇ. ಭಯವೋ, ಖುಷಿಯೋ, ಎರಡೂ ಆಗುವುದು ಒಂದೇ ಜಾಗದಲ್ಲಿ, ಏನು ಮಾಡಲಿ. ಮತ್ತೊಮ್ಮೆ "ಬೇಡ" ಅಂದೆ.  ಹೊಸಬರು ಇಟ್ಟುಕೊಳ್ಳದಿದ್ದರೆ ಬೇರೆ ಕುರ್ಚಿ ಹುಡುಕಿಕೊಳ್ಳುತ್ತೇನೆ. ಹೀಗೆ ಬರೆದರೆ ಎಷ್ಟು ಸುಲಭ.

8.51

ಯಾರೋ ಗಾಜು ತಟ್ಟಿದರು. ದೊಡ್ಡ ಡಾಕ್ಟರು. ತಟ್ಟಿದ್ದು ಒಂದೇ ಸಲ ಇರಬೇಕು, ಕೈ ನಡುಗಿ ಸದ್ದು ಮೂರು ಬಂತು. ಒಂದು ನಿಮಿಷ ಎಂದು ಬೆರಳು ತೋರಿಸಿದ್ದೇನೆ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾಯುತ್ತಾ ನಿಂತಿದ್ದಾರೆ. ಅವರು ಹೀಗೆ ಕಾದದ್ದನ್ನು ನಾನು ನೋಡಿಯೇ ಇಲ್ಲ.

ಉಸಿರು ಹಿಡಿದುಕೊಂಡಿದ್ದೇನೆ. ಬಿಡಬೇಕು. ಮೊದಲು ಬಿಡಬೇಕು, ಆಮೇಲೆ ಗಾಜು ಇಳಿಸಿ, ಸರ್, ಅವತ್ತು ನಾನು ಹೇಳಿದ್ದು…